ಮೊದಲ ಹಿಡಿ ಹಾಕುವ ಕೈ

ಕರೆಮ್ಮನ ಕೈಗುಣದ ಮೇಲೆ ಅನುಮಾನಪಟ್ಟವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಗೋಗಿ ಗ್ರಾಮದಿಂದ ಒಳಕ್ಕೆ ಹೋದರೆ ಕೆನಾಲಿನ ದಂಡೆಗೆ ಸಿಗುವ ಸಣ್ಣ ಊರು ಅದು. ಬಿತ್ತಿಗೆಯ ದಿನ ಎತ್ತು ಹೂಡಿ, ಬೀಜ ತಂದು, ಎಲ್ಲ ಸಜ್ಜಾದ ಮೇಲೂ ಕರೆಮ್ಮ ಬಂದು ಮೊದಲ ಹಿಡಿ ಬೀಜ ಸಾಲಿಗೆ ಬಿಡುವ ತನಕ ಎತ್ತು ಹೆಜ್ಜೆ ಕೀಳುತ್ತಿರಲಿಲ್ಲ. ಅವಳಿಗೆ ಸ್ವಂತದ್ದು ಅಂತ ಅಂಗೈಯಗಲ ಹೊಲವೂ ಇಲ್ಲ. ಗಂಡ ಈಶಪ್ಪ ಕೂಲಿ, ಅವಳೂ ಕೂಲಿ. ಆದರೆ ಆ ಒಂದು ಗಳಿಗೆಗೆ ಹೊಲದೊಡೆಯನ ಹೆಂಡತಿಯೇ ಬಂದು ಅವಳ ಹಣೆಗೆ ಕುಂಕುಮ ಹಚ್ಚಿ, ಉಡಿಗೆ ಬೀಜ ಸುರಿದು, ಹಾಕವ್ವ ಅನ್ನಬೇಕು. ಕರೆಮ್ಮ "ಹುಲುಸಾಗು ತಾಯಿ" ಅಂದು ಕೈ ಬಿಡುವಳು. ವರ್ಷವಿಡೀ ಏ ಕರೆಮ್ಮ, ಇಲ್ಲಿ ಬಾ, ಅಲ್ಲಿ ಹೋಗು ಅನ್ನುವ ಊರು ಆ ದಿನ ಅವಳಿಗೆ ದಾರಿ ಬಿಟ್ಟು ನಿಲ್ಲುತ್ತಿತ್ತು. ಬಡವರ ಮನೆಗೆ ಮಾನ ನಡೆದುಕೊಂಡು ಬರುವುದೇ ಅಪರೂಪ. ಕರೆಮ್ಮನಿಗೆ ಇದ್ದ ಆಸ್ತಿಯೆಲ್ಲ ಅದೇ ಆಗಿತ್ತು.

ಕೆನಾಲಿಗೆ ನೀರು ಬಿಟ್ಟ ಮೇಲೆ ಊರಿನ ಬಣ್ಣವೇ ಬದಲಾಯಿತು. ಜೋಳ, ತೊಗರಿ ಬೆಳೆಯುತ್ತಿದ್ದ ಎರೆಭೂಮಿಯಲ್ಲಿ ನೆಲ್ಲು ಬಂತು, ಬೇಸಿಗೆಗೆ ಶೇಂಗಾ ಬಂತು. ನೀರಿನ ಬೆನ್ನಿಗೇ ಏಡಿ ಬಂದವು, ಹೆಗ್ಗಣ ಬಂದವು, ದಂಡೆಯ ಜೊಂಡಿನೊಳಗೆ ನರಿಗಳು ಸಂಸಾರ ಹೂಡಿದವು. ಅವಕ್ಕೆ ಏಡಿ ಸಾಲದಾದರೆ ಶೇಂಗಾ ಬುಡ ಕೆದರುವುದು, ಶೇಂಗಾ ಮುಗಿದರೆ ಕೋಳಿ, ಅದೂ ತಪ್ಪಿದರೆ ಆಡಿನ ಮರಿ.

ನರಿಯ ವಿಷಯದಲ್ಲಿ ಊರಿಗೆ ಎರಡು ನಾಲಿಗೆ. ಯಾರಿಗಾದರೂ ಕೂತಲ್ಲಿಗೇ ಭಾಗ್ಯ ಬಂದರೆ, ನರಿ ಮಾರಿ ನೋಡಿ ಎದ್ದಾನ ನೋಡು ಅನ್ನುವುದೂ ಅದೇ ಬಾಯಿ. ಹೊಲ ಕೆದರಿದ ದಿನ, ಇವುಗಳ ವಂಶ ಹಾಳಾಗಲಿ ಅನ್ನುವುದೂ ಅದೇ ಬಾಯಿ. ಆಡಿನ ವ್ಯಾಪಾರ ಮಾಡುವ ಜಮಾಲಸಾಬನದು ಮಾತ್ರ ಒಂದೇ ಮಾತು: ಕಂಡಲ್ಲಿ ಹೊಡೀರಿ. ಅವನ ಕೈಕಾಲಿಗೆ ವಾತ ಹಿಡಿದಿತ್ತು, ಹೊಡೆಯಲು ಅವನಿಂದ ಆಗುತ್ತಿರಲಿಲ್ಲ. ಕಿರಾಣಿ ಅಂಗಡಿ ಮತ್ತು ಕೆನಾಲಿನ ಕೆಳಗೆ ದೊಡ್ಡ ಹೊಲ ಇದ್ದ ಹಂಪಣ್ಣ ಸಾವುಕಾರರದು ಬೇರೆ ರೀತಿ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮನೆಯಲ್ಲಿ ತತ್ತಿಯ ವಾಸನೆಯೂ ಸುಳಿಯದು. ಅಂಗಡಿಯ ಕಟ್ಟೆಗೆ ಕೂತು, ಯಾರಾದರೂ ಪುಣ್ಯಾತ್ಮರು ಈ ನರಿಗಳನ್ನು ಇಲ್ಲ ಅನ್ನಿಸಿದರೆ ನಾಲ್ಕು ಮಂದಿ ಉಳಿದಾರು ಅಂತ ನಿಟ್ಟುಸಿರು ಬಿಡುತ್ತಿದ್ದರು. ತಾವಾಗಿ ಇರುವೆಗೂ ಕೈ ಎತ್ತಿದವರಲ್ಲ.

ಹಾಗಂತ ಅವರ ಹೊಲದಲ್ಲಿ ಏನೂ ಸಾಯುತ್ತಿರಲಿಲ್ಲವೇ? ಇಲ್ಲೊಂದು ಮಾತಿದೆ. ಆ ಕಡೆ ಬೆಳೆಗೆ ಹೊಡೆಯುವ ವಿಷಕ್ಕೆ ಯಾರೂ ವಿಷ ಅನ್ನುವುದಿಲ್ಲ, ಎಣ್ಣಿ ಅನ್ನುತ್ತಾರೆ. ಹತ್ತಿಗೆ ಎಣ್ಣಿ ಹೊಡೆದೆವು ಅಂದರೆ ಲಕ್ಷ ಹುಳ ಸತ್ತಿತು ಅಂತ ಅರ್ಥ, ಆದರೆ ಕೇಳುವವರಿಗೆ ತಲೆಗೆ ಎಣ್ಣೆ ಹಚ್ಚಿದಷ್ಟು ತಂಪು. ಹೆಗ್ಗಣದ ಬಿಲಕ್ಕೆ ಹಾಕುವ ವಿಷಕ್ಕೆ ಗುಳಿಗಿ ಅಂತ ಹೆಸರು. ಕೂಲಿಯವರು ಹೋಗಿ ಗುಳಿಗಿ ಇಟ್ಟು, ಬಿಲದ ಬಾಯಿಗೆ ಕೆಸರು ಮೆತ್ತಿ, ಕೈ ತೊಳೆದುಕೊಂಡು ಬರುವರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಮೇಲಾಗಿ ಕೋಲು ಹಿಡಿದವರು ಯಾರೆಂದೂ ಗೊತ್ತಾಗಬಾರದು.

ಕರೆಮ್ಮನ ಕೈಯಲ್ಲಿದ್ದದ್ದು ಎಣ್ಣಿಯಲ್ಲ, ಬಡಿಗೆ. ಒಂದು ಮುಂಜಾನೆ ಎದ್ದು ಬಾಗಿಲು ತೆಗೆದರೆ ಎದುರಿಗೆ ನರಿಯ ಮುಖ. ಊರಿನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಶಕುನವಿಲ್ಲ! ಆದರೆ ಆ ಶಕುನದ ಬಾಯಲ್ಲಿ ಅವಳ ಆಡಿನ ಮರಿ ಒದ್ದಾಡುತ್ತಿತ್ತು. ಅವಳು ಯೋಚಿಸಲಿಲ್ಲ. ಗೋಡೆಗೆ ಆನಿಸಿದ್ದ ಬಡಿಗೆ ತೆಗೆದು ಬೀಸಿದಳು. ಏಟು ನೆತ್ತಿಗೆ ಬಿತ್ತು. ಮರಿ ಕುಂಟುತ್ತಾ ತಾಯಿಯ ಕಡೆ ಓಡಿತು. ನರಿ ಅಲ್ಲೇ ಮಗ್ಗುಲಾಗಿ ಬಿದ್ದು ಪ್ರಾಣ ಬಿಟ್ಟಿತು.

ಎಳೆದು ಹಾಕಲು ಬಗ್ಗಿದಾಗ ಕರೆಮ್ಮ ಕಂಡದ್ದು ಅದರ ಹೊಟ್ಟೆಯನ್ನು. ಮೊಲೆಗಳು ತುಂಬಿ ಜೋತುಬಿದ್ದಿದ್ದವು. ಅವಳು ಐದು ಹೆತ್ತು ಮೂರು ಉಳಿಸಿಕೊಂಡವಳು. ಅಂಗಳದಲ್ಲೇ ಕೂತಳು. ತನ್ನ ಮರಿ ಬಿಡಿಸಿಕೊಂಡದ್ದು ತಪ್ಪಲ್ಲ ಅಂತ ಒಂದು ಮನಸ್ಸು, ಅದೂ ತನ್ನ ಮರಿಗಳಿಗಾಗಿಯೇ ಬಂದದ್ದು ಅಂತ ಇನ್ನೊಂದು ಮನಸ್ಸು. ಈಶಪ್ಪ ಕಾಲು ಹಿಡಿದು ಎಳೆಯಲು ಬಂದರೆ ಬಿಡಲಿಲ್ಲ. ತಾನೇ ಎತ್ತಿಕೊಂಡು ದಂಡೆಗೆ ಒಯ್ದು, ಕುಣಿ ತೋಡಿ, ಹರಿಶಿಣ ಕುಂಕುಮ ಹಾಕಿ, "ತಪ್ಪಾತವ್ವಾ" ಅಂದು ಮಣ್ಣು ಮುಚ್ಚಿದಳು. ಜೊಂಡಿನೊಳಗಿನ ಸಣ್ಣ ಕೂಗು ಮೂರು ಸಂಜೆ ಕೇಳಿಸಿತು. ಅವಳು ಹೋಗಿ ಹುಡುಕಿದಳು, ಸಿಗಲಿಲ್ಲ. ಆಮೇಲೆ ಕೂಗು ನಿಂತಿತು.

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಜಮಾಲಸಾಬ ಕುಂಟುತ್ತಾ ಮನೆತನಕ ಬಂದು, ಶಾಬಾಸ್ ತಂಗಿ, ಗಂಡಸರ ಮೀಸೆ ಬೋಳಿಸಿದೆ ಅಂತ ಹೊಗಳಿ ಹೋದ. ಅವನ ಹೊಗಳಿಕೆಯೂ ಅವಳಿಗೆ ಹಿಡಿಸಲಿಲ್ಲ. ಇನ್ನೊಂದು ಕಡೆ ಹಂಪಣ್ಣ, ಲಕ್ಷ್ಮೀ ಇದ್ದಂಗ ಅದರ ಮಾರಿ, ಹೊಸ್ತಿಲಿಗೆ ಬಂದ ಲಕ್ಷ್ಮೀಗೆ ಬಡಿಗೆ ಬೀಸಿದಳಲ್ಲ ಅಂತ ಕಟ್ಟೆಯ ಮೇಲೆ ತಲೆ ಅಲ್ಲಾಡಿಸಿದರು. ಅದೇ ಸಂಜೆ ಅವರ ಆಳು ಗುಟ್ಟಾಗಿ ಬಂದು, ನರಿಯ ತಲೆ ಮೇಲೆ ಕೊಂಬಿತ್ತೇನು ಅಂತ ವಿಚಾರಿಸಿದ. ನರಿ ಕೊಂಬು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟರೆ ವ್ಯಾಪಾರ ಏರುತ್ತದಂತೆ. ಕರೆಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಲಕ್ಷ್ಮೀಗೆ ಎಲ್ಲಿಯ ಕೊಂಬು ಅಂತ ಕೇಳಿ ಕಳಿಸಿದಳು.

ಅಷ್ಟಾದರೂ ಮಾತು ಮಾತಿಗೇ ಮುಗಿದೀತು ಅಂದುಕೊಂಡಿದ್ದಳು. ಹಂಪಣ್ಣನ ಹೊಲದಲ್ಲಿ ಶೇಂಗಾ ಬಿತ್ತಿಗೆ ಬಂತು. ಎಂದಿನಂತೆ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು ಹೊಲಕ್ಕೆ ಹೋದಳು. ಹಂಪಣ್ಣನ ಹೆಂಡತಿ ಕಲ್ಯಾಣಮ್ಮ ರೂಢಿಯಂತೆ ಬೀಜದ ಬುಟ್ಟಿ ಹಿಡಿದು ಇವಳ ಕಡೆಗೇ ಬಂದಳು. ಕರೆಮ್ಮ ಉಡಿ ಒಡ್ಡಿದಳು.

"ಆಕಿ ಬ್ಯಾಡ," ಅಂದರು ಹಂಪಣ್ಣ.

ಒಡ್ಡಿದ ಉಡಿಯನ್ನು ಎಲ್ಲರೆದುರು ಖಾಲಿ ಮಡಚಿಕೊಳ್ಳುವುದು ಎಂಥ ಕಷ್ಟ ಅನ್ನುವುದು ಒಡ್ಡಿದವರಿಗೇ ಗೊತ್ತು. ಹಂಪಣ್ಣನೇನು ಕಟುಕರಲ್ಲ. ಮೆತ್ತಗೆಯೇ ಹೇಳಿದರು: ಜೀವ ತೆಗೆದ ಕೈ ಬೀಜಕ್ಕೆ ಸಲ್ಲದು, ಕೆನಾಲಿಗೆ ಹೋಗಿ ಮುಳುಗು ಹಾಕಿ, ಒಂದು ಕಾಯಿ ಒಡೆದು, ಇಷ್ಟು ಮಂದಿ ಮುಂದೆ ತಪ್ಪಾತು ಅಂತ ತಮಗೆ ಒಂದು ಮಾತು ಅಂದುಬಿಟ್ಟರೆ ಸಾಕು, ತಾವು ದೊಡ್ಡದು ಮಾಡುವುದಿಲ್ಲ.

ಒಂದೇ ಮಾತು. ಅಂದುಬಿಟ್ಟರೆ ಕುಂಕುಮ, ಉಡಿ, ಬಿಟ್ಟ ದಾರಿ ಎಲ್ಲ ತಿರುಗಿ ಸಿಗುತ್ತಿತ್ತು. ಕಲ್ಯಾಣಮ್ಮ ಕಣ್ಣಲ್ಲೇ, ಅಂದುಬಿಡೇ ಅನ್ನುತ್ತಿದ್ದಳು. ಕರೆಮ್ಮನ ಬಾಯಿ ತೆರೆಯಿತು. ಆದರೆ ಬಂದ ಮಾತು ಬೇರೆ.

"ತಪ್ಪಾತು ಅಂತ ಅಂದೀನ್ರಿ ಸಾವುಕಾರ್ರ. ಅದನ್ನ ಹುಗಿಯೋ ಮುಂದ ಅದಕ್ಕ ಅಂದೀನಿ. ನಿಮಗ ಅನ್ನಾಕ ನಿಮ್ಮದೇನು ಹೊಡದೀನ್ರಿ ನಾ?"

ಹಂಪಣ್ಣನ ಮುಖ ಕೆಂಪಾಯಿತು. ಸುಂದ್ರಮ್ಮನನ್ನು ಕರೆದು ಉಡಿ ತುಂಬಿಸು ಅಂದರು. ಸುಂದ್ರಮ್ಮನೂ ಕೂಲಿಯವಳೇ, ಕರೆಮ್ಮನ ಓಣಿಯವಳು. ಹೋದ ವಾರವಷ್ಟೇ ಅದೇ ಹೊಲದ ಬದುವಿನಲ್ಲಿ ಹೆಗ್ಗಣದ ಬಿಲಗಳಿಗೆಲ್ಲ ಗುಳಿಗಿ ಇಟ್ಟು ಬಂದಿದ್ದಳು. ಪಾಪ, ಅವಳು ಬೀಜ ಹಿಡಿದು ಕರೆಮ್ಮನ ಕಡೆ ತಿರುಗಿದಳು. ನಾನೇನ ಮಾಡ್ಲಿ ಅಕ್ಕಾ ಅಂತ ಪಿಸುಗುಟ್ಟಿದಳು. "ಹಾಕವ್ವ, ಬೀಜಕ್ಕೇನು ಗೊತ್ತಾಗತದ," ಅಂದಳು ಕರೆಮ್ಮ. ಆಮೇಲೆ ಉಳಿದ ಹೆಂಗಸರ ಜೊತೆ ಸಾಲು ಹಿಡಿದು ಸಂಜೆಯ ತನಕ ಬೀಜ ಬಿಟ್ಟಳು. ಎರಡನೆಯ ಸಾಲಿನಿಂದ ಆಚೆಗೆ ಅವಳ ಕೈಗೆ ಯಾವ ದೋಷವೂ ಇರಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ. ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತಳು. ಒಂದು ಮಾತು ಅಂದಿದ್ದರೆ ಏನು ಹೋಗುತ್ತಿತ್ತು ಅಂತ ಈಶಪ್ಪ ಕೇಳಿದ. ಕರೆಮ್ಮ ಕಣ್ಣೊರೆಸಿಕೊಂಡು ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟಳು.

ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಜೊಂಡಿನ ನರಿಗಳು ಹಂಪಣ್ಣನ ಹೊಲಕ್ಕೆ ಇಳಿದವು. ಡಬ್ಬಿ ಬಾರಿಸಿದರು, ಬೆಂಕಿ ಹಾಕಿದರು, ಹಳೆಯ ಅಂಗಿ ತೊಡಿಸಿದ ಬೆದರುಬೊಂಬೆ ನಿಲ್ಲಿಸಿದರು. ಅದರ ಬುಡದಲ್ಲೇ ಕೂತು ನರಿಗಳು ಶೇಂಗಾ ತಿಂದವು. ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಕರೆಮ್ಮನ ಓಣಿಗೆ ಎಂದೂ ಕಾಲಿಡದ ಹಂಪಣ್ಣ ಸಾವುಕಾರರು ಅವಳ ಬಾಗಿಲಿಗೆ ಬಂದು ನಿಂತರು. ಎದುರು ಮನೆಯ ಕಟ್ಟೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಕರೆಮ್ಮಾ, ಹೊಲ ಪೂರಾ ಹಾಳ ಮಾಡಾಕತ್ತಾವ. ಹೆಂಗೂ ನಿನ್ನ ಕೈಲೆ ಒಂದು ಆಗ್ಯಾದ. ಇನ್ನೊಂದೆರಡು ಆದ್ರ ನಿನಗೇನು ಹೊಸಾದಲ್ಲ. ನನ್ನ ಹೆಸರು ಮಾತ್ರ ಬರಬಾರದು ನೋಡು."

ಕರೆಮ್ಮ ಹಿಟ್ಟು ನಾದುತ್ತಿದ್ದಳು. ಎದ್ದು ನಿಂತಳು. ಸಿಟ್ಟು ಬಂದಿತ್ತು, ಆದರೆ ಮಾತಿನಲ್ಲಿ ಸಿಟ್ಟಿರಲಿಲ್ಲ. ಹಿಟ್ಟು ಮೆತ್ತಿದ ಎರಡೂ ಕೈಗಳನ್ನು ಅವರ ಮುಂದೆ ಹಿಡಿದಳು.

"ಬಿತ್ತಾಕ ಬ್ಯಾರೆ, ಹೊಡಿಯಾಕ ಬ್ಯಾರೆ ಕೈ ಇಲ್ರಿ ನನಗ. ನೀವು ಬ್ಯಾಡ ಅಂದಿದ್ದು ಇವಕ್ಕ. ಹೋಗಿಬರ್ರಿ."

ಅವರು ಹೋದರು. ಮರುದಿನದಿಂದ ಕಟ್ಟೆಯ ಮೇಲೆ, ಆ ಹೆಣ್ಣಿಗೆ ಸೊಕ್ಕು ಬಂದಿದೆ ಅನ್ನುವ ಮಾತು ಶುರುವಾಯಿತು. ಜೀವ ತೆಗೆದದ್ದನ್ನು ಊರು ಒಂದು ವರ್ಷದಲ್ಲಿ ಮರೆಯಿತು, ಸೊಕ್ಕನ್ನು ಮರೆಯಲಿಲ್ಲ. ಮುಂದೆ ಯಾವ ಹೊಲದಿಂದಲೂ ಮೊದಲ ಹಿಡಿಗೆ ಅವಳಿಗೆ ಕರೆ ಬರಲಿಲ್ಲ, ಅವಳೂ ಕೇಳಲು ಹೋಗಲಿಲ್ಲ. ಇಂದಿಗೂ ಆ ಊರಿನಲ್ಲಿ ಮೊದಲ ಹಿಡಿ ಸುಂದ್ರಮ್ಮನದೇ. ನರಿ ಹೊಡೆಯಬೇಕು ಅನ್ನುವವರಿಗೇನೂ ಬರವಿಲ್ಲ. ಹೊಡೆದುಕೊಡುವವರು ಮಾತ್ರ ಇನ್ನೂ ಸಿಕ್ಕಿಲ್ಲ.