ಕಟ್ಟೆಯ ಮೇಲೆ ಆಡದ ಮಾತು

ಈರಪ್ಪಣ್ಣಾ, ನಿನಗೆ ನೂಲು ಸಿಗದಂತೆ ಮಾಡಿದವನು ನಾನು. ಸಾವಕಾರರಲ್ಲ, ನಿನ್ನ ಹಣೆಬರಹವೂ ಅಲ್ಲ — ನಾನು, ನಿನ್ನ ಬಾಜೂ ಮನೆಯ ಮಲ್ಯಾ, ಬನಹಟ್ಟಿಯ ಆಡುಗಳಿಂದ ಹಿಡಿದು ಹೆಡ್‌ಮಾಸ್ತರರವರೆಗೆ ಎಲ್ಲರ ದನಿ ತೆಗೆದು ಅಣಕಿಸುತ್ತಿದ್ದ ಮಂಗ. ಇನ್ನೊಂದನ್ನು ನಿನ್ನಿಂದ ಮುಚ್ಚಿಟ್ಟಿದ್ದೇನೆ. ನಿನ್ನ ಹೆಸರು ಹೇಳಿ ಶಾಲೆಯಲ್ಲಿ ಚಪ್ಪಾಳೆ ಗಿಟ್ಟಿಸಿದ್ದೇನೆ.

ಆಗ ನಾನು ಮ್ಯಾಟ್ರಿಕ್. ಮುಂಬಯಿ ಸರಕಾರ ಇಂಗ್ಲಿಷನ್ನು ಎಂಟನೆಯ ಇಯತ್ತೆಗೆ ತಳ್ಳಿದ್ದರಿಂದ ಮೀಸೆ ಚಿಗುರುವ ಹೊತ್ತಿಗೆ ನಾವು ತೊದಲಲು ಕಲಿಯುತ್ತಿದ್ದೆವು. ಜಮಖಂಡಿಯಿಂದ ಬಂದಿದ್ದ ಇಂಗ್ಲಿಷ್ ಮಾಸ್ತರರು ಇದಕ್ಕೊಂದು ಉಪಾಯ ಹೂಡಿದ್ದರು. ಪ್ರತಿ ಶನಿವಾರ, ಯಾರೂ ಅಷ್ಟಾಗಿ ಬಳಸದ ಒಂದು ಕ್ರಿಯಾಪದ ಕೊಡುವುದು. ಅದನ್ನು ಬಾಯಿಪಾಠ ಮಾಡಿದರೆ ಸಾಲದು, ಓಣಿಯಲ್ಲಿ ಮಾಡಿ ಬರಬೇಕು. ಸೋಮವಾರ ಎದ್ದು ನಿಂತು ಮಾಡಿದ್ದನ್ನು ಒಂದೇ ವಾಕ್ಯದಲ್ಲಿ ಹೇಳಬೇಕು.

ಆ ಶನಿವಾರದ ಪದ 'ವೌಚ್'. ಒಬ್ಬನನ್ನು ನಾನು ಬಲ್ಲೆ, ಅವನ ಬಗ್ಗೆ ನನ್ನ ಮಾತು ನಂಬಿರಿ ಎಂದು ಮುಂದೆ ನಿಲ್ಲುವುದು. ರೊಕ್ಕದ ಜಾಮೀನಲ್ಲ. "ನಿನ್ನ ಹೆಸರು ಅವನ ಹೆಸರಿನ ಬಾಜೂಕ ಕೂಡತೈತಿ, ಅಷ್ಟ. ಅವ ಬಿದ್ರ ನೀನೂ ಬಿದ್ದಂಗ" ಎಂದರು ಮಾಸ್ತರರು. ನಾನು ಹಿಂದಿನ ಬೆಂಚಿನಿಂದ ಅವರದೇ ಮೂಗುದನಿಯಲ್ಲಿ 'ವೌಚ್' ಎಂದು ಎಲ್ಲರನ್ನೂ ನಗಿಸಿದೆ. ಆದರೆ ಒಳಗೊಳಗೇ ಹಿಗ್ಗು. ಈ ಪದ ಇಂಗ್ಲೆಂಡಿನದಲ್ಲ, ನಮ್ಮ ನೇಕಾರ ಓಣಿಯದು! ಹೊಸದಾಗಿ ಮಗ್ಗ ಹೂಡಿದವನಿಗೆ ಸಾವಕಾರರು ಸುಮ್ಮನೆ ನೂಲು ಕೊಡುವುದಿಲ್ಲವಲ್ಲ — ಅವನ ಕೆಲಸ ಕಂಡ ಒಬ್ಬರು ಅವರ ಕಟ್ಟೆಗೆ ಬಂದು "ಇವನ ಕೈ ನನಗ ಗೊತ್ತೈತ್ರಿ" ಅನ್ನಬೇಕು. ಅಷ್ಟು ಮಾತಿಗೇ ನೂಲಿನ ಗಂಟು ಹೊರಗೆ ಬರುತ್ತಿತ್ತು.

ನೀನು ಕಂಡವರ ಮಗ್ಗದಲ್ಲಿ ಕೂಲಿಗೆ ನೇಯ್ದು ನೇಯ್ದು, ಆಗಷ್ಟೇ ನಿನ್ನದೇ ಒಂದು ಮಗ್ಗ ಹೂಡಿದ್ದೆ. ನೂಲು ಬರುವ ಮೊದಲೇ ನಿನ್ನ ಹೆಂಡತಿ ಗಂಗಕ್ಕ ಅದಕ್ಕೆ ಕುಂಕುಮ ಹಚ್ಚಿದ್ದಳು. ನಿನ್ನ ಹಳೆಯ ಧಣಿ ಆಳು ಕೈಬಿಟ್ಟ ಸಿಟ್ಟಿನಲ್ಲಿ ಬರಲೊಲ್ಲ, ನಮ್ಮಪ್ಪ ಜ್ವರದಲ್ಲಿ ಮಲಗಿದ್ದ. "ನೀನ ಬಾರಲೇ ಮಲ್ಯಾ, ಸಾಲಿ ಕಲಿತಾಂವ, ಛಲೋ ಮಾತಾಡ್ತಿ" ಎಂದು ಆ ಭಾನುವಾರ ನೀನೇ ಕರೆದೆ. ಕರೆಯಬಾರದಿತ್ತು ಎನ್ನಲೇ? — ಹರಿದ ಎಳೆಯನ್ನು ಗಂಟು ಕಾಣದಂತೆ ಕೂಡಿಸಲು ನನಗೆ ಕಲಿಸಿದವನೇ ನೀನು. ನಿನ್ನ ಕೈ ನನಗಲ್ಲದೆ ಇನ್ನಾರಿಗೆ ಗೊತ್ತಿತ್ತು?

ಕಟ್ಟೆಯ ಮೇಲೆ ಸಾವಕಾರರ ಸುತ್ತ ಕೆಲವರು ಚಹಾ ಕುಡಿಯುತ್ತ ಕೂತಿದ್ದರು. ಇವನು ಹೇಗೆ ನೇಯುತ್ತಾನೆ ಎಂದು ಸಾವಕಾರರು ನನ್ನನ್ನು ಕೇಳಿದರು.

ಜನ ಇದ್ದರು, ಈರಪ್ಪಣ್ಣಾ. ಜನರನ್ನು ಕಂಡರೆ ನನ್ನ ನಾಲಿಗೆ — ಇರಲಿ. ನಾನು ಅಲ್ಲೇ ಕುಕ್ಕರಿಸಿ ನಿನ್ನನ್ನು ಮಾಡಿ ತೋರಿಸಿದೆ. ಎಡಗಣ್ಣು ಮುಚ್ಚಿ ಲಾಳಿ ಎಸೆಯುವುದು, ಎಳೆ ಹರಿದರೆ ಅದನ್ನೇ "ಯಾಕ ತಂಗಿ, ಸಿಟ್ಟ ಬಂತ?" ಎಂದು ಕೇಳುವುದು. ಎಲ್ಲರೂ ನಕ್ಕರು. ಅವರು ನಕ್ಕಷ್ಟೂ ನಾನು ಎಳೆ ಹರಿದೆ. ನಿನ್ನ ಕೈಯಲ್ಲಿ ಎಂದೋ ಒಮ್ಮೆ ಹರಿಯುವ ಎಳೆ ನನ್ನ ಆಟದಲ್ಲಿ ಹರಿಯುತ್ತಲೇ ಹೋಯಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನೀನು.

ಸಾವಕಾರರು ಕಣ್ಣೊರೆಸಿಕೊಂಡು ಹೇಳಿದರು: "ಇಷ್ಟ ಎಳಿ ಹರಿಯಾಂವಗ ನೂಲು ಹೆಂಗ ಕೊಡ್ಲಿ? ಮುಂದ ನೋಡೂಣಂತ."

ನನ್ನ ಆಟವನ್ನು ಅವರು ಸಾಕ್ಷಿ ಎಂದು ತಿಳಿದಿದ್ದರು. ಅದು ಸುಳ್ಳ್ರೀ, ನಗಸಾಕ ಮಾಡಿದ್ನಿ — ಇಷ್ಟು ಹೇಳಿದ್ದರೆ ಸಾಕಿತ್ತು. ಬಾಯಿ ತೆರೆದೆ ಕೂಡ. ಎಲ್ಲರೂ ಇನ್ನೊಂದು ನಕಲು ಬರುತ್ತದೆಂದು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಸಾವಕಾರರ ಕೆಮ್ಮು ತೆಗೆದೆ.

ದಾರಿಯಲ್ಲಿ ನೀನು ನನ್ನ ತಲೆಯ ಮೇಲೆ ಕೈಯಿಟ್ಟು "ಹೋಗ್ಲಿ ಬಿಡೋ, ಮಂದಿ ನಕ್ಕರಲ್ಲ" ಅಂದೆ. ಬೈದಿದ್ದರೆ ಇಷ್ಟು ವರ್ಷ ಇದು ಹೀಗೆ —

ಸೋಮವಾರ ಎದ್ದು ನಿಂತೆ. 'ಐ ವೌಚ್ಡ್ ಫಾರ್ ಈರಪ್ಪ' ಎಂದೆ. ಮಾಸ್ತರರು ಕನ್ನಡಕ ತೆಗೆದು, ಇಡೀ ವರ್ಗದಲ್ಲಿ ಈ ಪದ ಖರೆ ತಿಳಿದವನು ಇವನೊಬ್ಬನೇ ಎಂದರು. ಆಗ ಬಿದ್ದದ್ದು ಆ ಚಪ್ಪಾಳೆ.

ನೀವು ಮಗ್ಗ ಬಿಚ್ಚಿಟ್ಟು ಸೊಲ್ಲಾಪುರದ ಗಿರಣಿಗೆ ಹೊರಟ ದಿನ ನಾನು ಒಳಗೇ ಕೂತಿದ್ದೆ. ಗಂಗಕ್ಕ ಬಾಗಿಲಿಗೆ ಬಂದು ಕರೆದರೂ ಹೊರಗೆ ಬರಲಿಲ್ಲ.

ಈಗ ಮರಳಿ ಬಂದಿದ್ದೀರಿ. ಗೋಡೆಯಾಚೆ ಅದೇ ಮಗ್ಗದ ಮರಗಳನ್ನು ಜೋಡಿಸುವ ಸದ್ದು. ನಿನ್ನೆ ನನ್ನನ್ನು ಕಂಡವನೇ "ಸಾವಕಾರರ ಕೆಮ್ಮ ತೆಗಿಯೋ" ಎಂದು ಕೇಳಿದೆ. ನನ್ನಿಂದಾಗಲಿಲ್ಲ.

ನಾಳೆ ನೂಲಿಗಾಗಿ ನಿನ್ನ ಜೊತೆ ಸಾವಕಾರರ ಕಟ್ಟೆಗೆ ಬರುತ್ತೇನೆ. ಅಂದು ತೋರಿಸಿದ್ದು ಸುಳ್ಳೆಂದು ಮೊದಲು ಹೇಳುತ್ತೇನೆ. ತಾನೇ ಸುಳ್ಳನೆಂದು ಒಪ್ಪಿಕೊಂಡವನ ಮಾತನ್ನು ಅವರು ನಂಬುತ್ತಾರೋ ಇಲ್ಲವೋ. ಆಮೇಲೆ, ಇವನ ಕೈ ನನಗ ಗೊತ್ತೈತ್ರಿ ಅನ್ನುತ್ತೇನೆ. ಬೆಳಗಿನಿಂದ ಒಬ್ಬನೇ ಹೇಳಿ ನೋಡುತ್ತಿದ್ದೇನೆ. ಒಮ್ಮೆ ಅಪ್ಪನ ದನಿ ಬರುತ್ತದೆ, ಒಮ್ಮೆ ಮಾಸ್ತರರದು. ನನ್ನದು ಇನ್ನೂ ಬಂದಿಲ್ಲ.