ಮೂರನೆಯ ಬೋಲ್ಟು

ಬಾಂಗ್ ಉಸೆನ್‌ಗೆ ಯಾವುದಕ್ಕೂ ಕಾರಣ ಗೊತ್ತಾಗದಿದ್ದರೆ ಅನ್ನ ಸೇರುತ್ತಿರಲಿಲ್ಲ. ದೋಣಿಯ ಎಂಜಿನ್ ಯಾಕೆ ಕೆಮ್ಮುತ್ತದೆ ಎಂದು ನೋಡಲು ಅದನ್ನು ಮರಳ ಮೇಲೆ ಬಿಚ್ಚಿ ಹರವಿಕೊಂಡು, ಉಬ್ಬರ ಬಂದು ಅರ್ಧ ಸಾಮಾನು ಕೊಚ್ಚಿಕೊಂಡು ಹೋಗುವವರೆಗೂ ಕೂತಿದ್ದ ಮಹಾಶಯ. ಕ್ರಾಬಿ ತೀರದ ಕಡಲಬಂಡೆಗಳಿಗೆ ಬೋಲ್ಟು ಬಡಿದು, ಜನ ಹಗ್ಗ ಸಿಕ್ಕಿಸಿಕೊಂಡು ಹತ್ತುವಂತೆ ದಾರಿ ಮಾಡುವುದು ಅವನ ಕಸುಬು. ಐವತ್ತೆಂಟಾದರೂ ಬಿಟ್ಟಿರಲಿಲ್ಲ.

ಅಂಥವನಿಗೆ ಸ್ವಂತ ಮಗಳೇ ಬಗೆಹರಿದಿರಲಿಲ್ಲ. ಸುರೈದಾ ಗುಹೆಗಳ ಸೂರಿನಲ್ಲಿ ನೇತಾಡಿಕೊಂಡು ಹತ್ತುವ ಹೆಣ್ಣು. ಆದರೆ ಅಪ್ಪನೇ ಮಾಡಿದ ಇಳಿಜಾರು ಬಂಡೆಯ ಸುಲಭದ ದಾರಿಯಲ್ಲಿ ಎರಡನೆಯ ಬೋಲ್ಟು ದಾಟುತ್ತಿರಲಿಲ್ಲ. ಭಯ ಎನ್ನುವಳು, ಅಷ್ಟೆ. ಹೊಸಬರಿಗೆ ಕಲಿಸುವುದು ಅದೇ ಬಂಡೆಯ ಮೇಲೆ. ಕಲಿಸುವವರು ಮೊದಲು ನೆಲದಿಂದ ಹತ್ತಿ ಮೇಲೆ ಹಗ್ಗ ಕಟ್ಟಿ ಬರಬೇಕು. ಹಾಗಾಗಿ ಒಂಬತ್ತು ವರ್ಷದಿಂದ ಅವಳಿಗೆ ಹಗ್ಗ ತೊಳೆಯುವ ಕೆಲಸವೇ ಗಟ್ಟಿಯಾಗಿತ್ತು. ಜೊತೆಯವರು ಪುಕ್ಕಲಿ ಎಂದು ಆಡಿಕೊಳ್ಳುತ್ತಿದ್ದರು. ಈಗ ಹೆಂಗಸರಿಗೆಂದೇ ಒಂದು ತರಗತಿ ಶುರುವಾಗುವುದಿತ್ತು. ಶನಿವಾರದೊಳಗೆ ಆ ಬಂಡೆ ಹತ್ತಿ ತೋರಿಸಿದರೆ ಅದು ಸುರೈದಾಳಿಗೆ, ಇಲ್ಲವಾದರೆ ಬೇರೆಯವರಿಗೆ ಎಂದು ಬಂಡೆ ಹತ್ತುವುದು ಕಲಿಸುವ ಶಾಲೆಯ ಮಾಲೀಕ ಯೋತಿನ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

ಗುರುವಾರ ಬೆಳಿಗ್ಗೆ ಉಸೆನ್ ತಿನ್ನುತ್ತಿದ್ದ ರೋಟಿಯನ್ನು ಅರ್ಧಕ್ಕೇ ಬಿಟ್ಟೆದ್ದ.

"ಅದೇನು ಭಯ ಅಂತ ನಾನೇ ನೋಡ್ತೀನಿ. ನಡಿ, ಹಗ್ಗ ಹಿಡ್ಕೊ."

"ನಿನ್ನೆ ತಾನೆ ಮೊಣಕಾಲಿಗೆ ಎಣ್ಣೆ ಹಚ್ಚಿಸ್ಕೊಂಡ್ರಿ."

"ಮೊಣಕಾಲು ನಂದು."

ಇಲ್ಲೊಂದು ಮಾತು ಹೇಳಬೇಕು. ಉಸೆನ್ ತನ್ನ ಆ ದಾರಿಯನ್ನು ನೆಲದಿಂದ ಬೋಲ್ಟಿಗೆ ಹಗ್ಗ ಸಿಕ್ಕಿಸುತ್ತ ಒಮ್ಮೆಯೂ ಹತ್ತಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಮೇಲಿನ ಮರಕ್ಕೆ ಹಗ್ಗ ಕಟ್ಟಿ, ನೇತಾಡುತ್ತ ತೂತು ಕೊರೆದಿದ್ದ. ಮೊದಲು ಹತ್ತಿ ಭೇಷ್ ಎಂದವನು ಅವನ ಜೊತೆಗಾರ, ಆರಡಿ ಆಳು. ಹೋದ ವರ್ಷ ಉಪ್ಪುಗಾಳಿ ಹಳೆಯ ಉಕ್ಕಿನ ಬೋಲ್ಟುಗಳನ್ನು ತಿಂದಾಗ ಉಸೆನ್ ತುಕ್ಕು ಹಿಡಿಯದ ಟೈಟಾನಿಯಂ ಬೋಲ್ಟು ಹಾಕಿದ. ಎಲ್ಲೆಲ್ಲಿದ್ದವೋ ಅಲ್ಲಲ್ಲೇ, ಕೂದಲೆಳೆಯಷ್ಟೂ ಸರಿಸದೆ. ಅದನ್ನೇ ದೊಡ್ಡದಾಗಿ ಕೊಚ್ಚಿಕೊಂಡಿದ್ದ. ಆ ತೀರದಲ್ಲಿ ಬೋಲ್ಟು ಬಡಿದವನದೇ ದಾರಿ. ಅವನು ಒಪ್ಪದೆ ಇನ್ನೊಬ್ಬರು ಒಂದನ್ನೂ ಸರಿಸುವಂತಿಲ್ಲ, ಕೊಂಕು ತೆಗೆದರೂ ಮುಖಕ್ಕೆ ಹೊಡೆದಂತೆ.

ಎರಡು ಬೋಲ್ಟು ಸಲೀಸಾಗಿ ದಾಟಿದ. ಆಮೇಲೆ ಅಕ್ಕಿಕಾಳಿನಷ್ಟು ಅಂಚಿನ ಮೇಲೆ ಕಾಲ ತುದಿಯೂರಿ ಉಸೆನ್ ಕೈ ಚಾಚಿದ. ಮೂರನೆಯ ಬೋಲ್ಟು ಒಂದು ಗೇಣು ದೂರ. ಎಡಕ್ಕೆ ಸರಿದ, ಬಲಕ್ಕೆ ಸರಿದ. ಇನ್ನೂ ಮೇಲೆ ನಿಲ್ಲಲು ಜಾಗವೇ ಇಲ್ಲ, ಕನ್ನಡಿಯಂತೆ ನುಣುಪು. ಹೆದರಬೇಕಾದ ಹೊತ್ತಿನಲ್ಲಿ ಅವನಿಗೆ ಹುಟ್ಟಿದ್ದು ಕುತೂಹಲ. ಇಲ್ಲಿ ನಿಂತವನಿಗೆ ಅದು ಎಟಕುವುದು ಹೇಗೆ? ನೇತಾಡುತ್ತಿದ್ದವನು ಕೈ ಹೋದಲ್ಲಿ ಕೊರೆದಿದ್ದ; ಕಾಲು ಎಲ್ಲಿರುತ್ತದೆಂದು ನೋಡಿರಲೇ ಇಲ್ಲ. ಇದು ಹೊಳೆಯುವಷ್ಟರಲ್ಲಿ ಕಾಲು ನಡುಗಿ, ಜರ್ರನೆ ಜಾರಿದ. ಸುರೈದಾ ಹಗ್ಗ ಬಿಗಿಹಿಡಿದಳು. ಎರಡೂ ಮೊಣಕಾಲಿನ ಚರ್ಮ ಬಂಡೆಯ ಮೇಲೇ ಉಳಿಯಿತು.

ಕೆಳಗಿಳಿದವನು ರಕ್ತ ಒರೆಸಿಕೊಳ್ಳಲೂ ಇಲ್ಲ.

"ಬೋಲ್ಟು ತಪ್ಪು ಜಾಗದಲ್ಲಿದೆ. ನಿಂಗೆ ಯಾವಾಗ ಗೊತ್ತಾಯ್ತು?"

"ಮೊದಲ್ನೇ ಸಲವೇ."

"ಒಂಬತ್ತು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

ಸುರೈದಾ ಹಗ್ಗ ಸುತ್ತುತ್ತಲೇ ಇದ್ದಳು. "ದಾರಿ ನಿಮ್ದು. ತಪ್ಪು ಅಂದಿದ್ರೆ ಜನ ನಿಮ್ಮನ್ನ ನೋಡಿ ನಗ್ತಿದ್ರು. ನನ್ನನ್ನ ನೋಡಿ ನಕ್ರೆ ಪರವಾಗಿಲ್ಲ ಅನ್ನಿಸ್ತು."

ಲೋಕದ ಮೇಲಿನ ಪ್ರಶ್ನೆಯನ್ನೆಲ್ಲ ಕೇಳಿದವನು ಇದೊಂದನ್ನು ಕೇಳುವುದಕ್ಕೆ ಒಂಬತ್ತು ವರ್ಷ ತೆಗೆದುಕೊಂಡಿದ್ದ. ಕುಂಟುತ್ತ ನೇರ ಚಹಾದಂಗಡಿಗೆ ಹೋದ. ಯೋತಿನ್ ಇದ್ದ, ಆಡಿಕೊಳ್ಳುವವರೆಲ್ಲ ಇದ್ದರು.

"ಮೂರನೇ ಬೋಲ್ಟು ತಪ್ಪು," ಎಂದ. "ಎರಡೂ ಸಲ ತಪ್ಪಾಗಿ ಹೊಡೆದೋನು ನಾನು. ಇವತ್ತು ನನ್ನ ಮಗಳು ಸರಿ ಮಾಡ್ತಾಳೆ."

ಯಾರೂ ನಗಲಿಲ್ಲ. ಮೂಲೆಯಲ್ಲಿದ್ದ, ಹೊಸಬರಿಗೆ ಕಲಿಸುವ ಗಿಡ್ಡ ಆಳೊಬ್ಬ ಮಾತ್ರ ಮೆಲ್ಲಗೆ, ತನಗೂ ಅದು ಎಟಕುತ್ತಿರಲಿಲ್ಲ, ದಿನಾ ಜೀವ ಕೈಯಲ್ಲಿ ಹಿಡಿದು ಎಗರುತ್ತಿದ್ದೆ ಎಂದ.