ಹೋಗ್ತೀನಿ ಅಂದವಳು

ಕಣ್ಣೂ ಕಾಣದ, ಕಿವಿಯೂ ಕೇಳದ ಮಕ್ಕಳಿಗೆ ಕಲಿಸುವವಳು ನಾನು. ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ಹತ್ತಿರ ಬಂದರೆ ಕೈಬಳೆ ಮುಟ್ಟಿಸಿ ಇಂಥವಳು ಬಂದೆ ಎಂದು ತಿಳಿಸಬೇಕು. ಹೊರಡುವಾಗ ಅಂಗೈಯಲ್ಲಿ ಸನ್ನೆ ಮಾಡಿ ‘ಹೋಗ್ತೀನಿ’ ಎನ್ನಬೇಕು. ಹೊಸ ಶಿಕ್ಷಕಿಯರು ಮರೆತರೆ ನಾನು ಉರಿದು ಬೀಳುತ್ತಿದ್ದೆ.

ತಾರ್ನಾಕದ ನಮ್ಮ ಶಾಲೆಯಲ್ಲಿ ನನ್ನ ಕೈ ಹಿಡಿದೇ ಬೆಳೆದ ಹುಡುಗಿಯೊಬ್ಬಳಿಗೆ ಇಪ್ಪತ್ತೊಂದು ತುಂಬಿತು. ಸನತ್‌ನಗರದ ಸಣ್ಣ ಕಾರ್ಖಾನೆಯೊಂದು ಡಬ್ಬಿಗೆ ಮುಚ್ಚಳ ಹಾಕುವ ಕೆಲಸಕ್ಕೆ ಅವಳನ್ನು ಒಂದು ವಾರ ಇಟ್ಟು ನೋಡುತ್ತೇವೆಂದಿತು. ಗೆದ್ದರೆ ಕೆಲಸ. ಸೋತರೆ, ತಾಯಿ ದುಡಿಯಲು ಹೋಗುವಾಗ ಹೊರಗಿನಿಂದ ಚಿಲಕ ಹಾಕುವ ಒಂದೇ ಕೋಣೆ, ಬದುಕಿಡೀ.

ಎರಡು ದಿನ ಪಕ್ಕದಲ್ಲಿ ಕೂತೆ. ಮೂರನೆಯ ದಿನ ‘ಹೋಗ್ತೀನಿ’ ಎಂದು ಅಂಗೈಯಲ್ಲಿ ಹೇಳಿದೆ. ಹೋಗಲು ಮನಸ್ಸಾಗಲಿಲ್ಲ. ಚಪ್ಪಲಿ ಬಿಚ್ಚಿ, ಅವಳ ಹಿಂದೆ ಗೋಡೆಗೊರಗಿ ಫ್ಯಾನಿನ ಹತ್ತಿರ ನಿಂತುಬಿಟ್ಟೆ. ಕೇಳಿಸದವಳ ಎದುರು ಕೆಲಸದ ಹೆಂಗಸರೆಲ್ಲ ಯಾಕೋ ಪಿಸುಮಾತಿಗಿಳಿದರು.

ಅವರ ಮೇಲ್ವಿಚಾರಕಿ ಕಲಬುರಗಿ ಕಡೆಯವಳು; ಅಂಗೈಯ ನಾಲ್ಕಾರು ಸನ್ನೆಗಳನ್ನು ಅವಳಿಗೆ ನಾನೇ ಕಲಿಸಿದ್ದೆ. ನನ್ನ ಕಿವಿಯ ಹತ್ತಿರ ಬಂದಳು. “ಹಿಂಗ ಕದ್ದು ನಿಂದ್ರಬ್ಯಾಡ್ರಿ ಅಕ್ಕಾರ. ನೋಡಿದ್ರ ನಂಗೇ ಅಂಜಿಕಿ ಬರಾಕತ್ತೈತಿ.”

ನಾಲ್ಕನೆಯ ದಿನವೂ ಹಾಗೇ ನಿಂತೆ. ಹುಡುಗಿಯ ಕೈ ತಟ್ಟನೆ ನಿಂತಿತು. ಕುತ್ತಿಗೆಯ ಹಿಂಭಾಗ ಮುಟ್ಟಿಕೊಂಡಳು. ಫ್ಯಾನಿನ ಗಾಳಿಗೆ ನಾನು ಅಡ್ಡವಾಗಿದ್ದೆ. ಮೇಲ್ವಿಚಾರಕಿಯ ಕೈ ಹುಡುಕಿ ಹಿಡಿದು ‘ಹಿಂದೆ ಯಾರು?’ ಎಂದು ಕೇಳಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಮೇಲ್ವಿಚಾರಕಿ ಅಳುಕುತ್ತಲೇ ‘ಯಾರೂ ಇಲ್ಲ’ ಎಂದು ತಿಳಿಸಿದಳು. ಹುಡುಗಿ ನಿಧಾನವಾಗಿ ತಿರುಗಿ, ಸರಿಯಾಗಿ ನಾನು ನಿಂತ ಕಡೆ ಮುಖ ಮಾಡಿದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಆಮೇಲೆ ಅವಳು ಒಂದು ಮುಚ್ಚಳವನ್ನೂ ಮುಟ್ಟಲಿಲ್ಲ.

“ನಾಳೆಯೂ ಹೀಗಾದರೆ ಕರೆದುಕೊಂಡು ಹೋಗಿಬಿಡಿ” ಎಂದ ಮಾಲೀಕ.

ಸಂಜೆ ಬಸ್ ಸ್ಟಾಪಿನಲ್ಲಿ ಅವಳಿಗೆ ಬಳೆ ಮುಟ್ಟಿಸಿದೆ. ‘ಹಿಂದೆ ಇದ್ದವಳು ನಾನು’ ಎಂದೆ. ಅವಳು ಬಳೆಯನ್ನು ಎರಡು ಸುತ್ತು ತಿರುವಿದಳು. ನನ್ನ ಅಂಗೈಯಲ್ಲಿ ಕೇಳಿದಳು:

‘ಮನೆಯಲ್ಲಿ, ನಾನು ಸ್ನಾನ ಮಾಡುವಾಗಲೂ ಇರ್ತೀರಾ?’

ಇಲ್ಲ, ಇಲ್ಲ ಎಂದು ಎಷ್ಟು ಸಲ ಹೇಳಿದೆನೋ. ನಂಬಲು ಅವಳಿಗೆ ಯಾವ ಕಾರಣವೂ ಇರಲಿಲ್ಲ.

ಮರುದಿನ ಅವಳೇ ನನ್ನ ಬಳೆ ಹಿಡಿದು ಕಾರ್ಖಾನೆಯ ಬಾಗಿಲವರೆಗೆ ನಡೆಸಿ, ಹೊರಗೆ ನಿಲ್ಲಿಸಿ, ಒಳಗಿನಿಂದ ಚಿಲಕ ಹಾಕಿದಳು. ಸಂಜೆಯ ಹೊತ್ತಿಗೆ ಡಬ್ಬಿಗಳೆಲ್ಲ ಮುಚ್ಚಿದ್ದವು. ವಾರ ಮುಗಿದಾಗ ಕೆಲಸ ಸಿಕ್ಕಿತು.

ಇದಾಗಿ ಎರಡು ವರ್ಷ. ಮೊನ್ನೆ ಮೇಲ್ವಿಚಾರಕಿ ಫೋನಿನಲ್ಲಿ ಸಿಕ್ಕಿದ್ದಳು. “ಭಾಳ ಚಲೋ ಮಾಡ್ತಾಳ್ರಿ. ಆದ್ರ ದಿನಾ ಕುಂದ್ರೂ ಮುಂದ ಫ್ಯಾನ್ ಹಿಂದಿನ ಗ್ವಾಡಿ ಪೂರಾ ತಡವಿ ನೋಡ್ತಾಳ್ರಿ ಅಕ್ಕಾರ. ಅಲ್ಲಿ ಯಾರೂ ಇರಂಗಿಲ್ಲ.”